ಹಾಲುಣಿಸುವವಳಿಗೆ ಬಸಿರು ನಿಲ್ಲುವುದಿಲ್ಲವೇ?

ಪ್ರಶ್ನೆ: ನನಗೆ 26 ವರ್ಷ. ಸಿಸೇರಿಯನ್ ಆಗಿ ಏಳು ತಿಂಗಳು. ಬಾಣಂತನ ಮುಗಿಸಿ ಗಂಡನ ಮನೆಗೆ ಬಂದು ಎರಡು ತಿಂಗಳಾಯಿತು. ಇನ್ನೂ ಮುಟ್ಟಾಗಿಲ್ಲ. ಹತ್ತು ದಿನದಿಂದ ಒಗ್ಗರಣೆ ವಾಸನೆಗೇ ಹೊಟ್ಟೆ ತೊಳಸುತ್ತದೆ, ವಿಪರೀತ ಸುಸ್ತು. ‘ಹಾಲು ಕುಡಿಸುವವಳಿಗೆ ಬಸಿರು ನಿಲ್ಲಲ್ಲ, ಇದು ಪಿತ್ತ’ ಎಂದು ಅತ್ತೆ ಜೀರಿಗೆ ಕಷಾಯ ಕೊಡುತ್ತಿದ್ದಾರೆ. ಬಸಿರೇ ಆಗಿದ್ದರೆ ಜನ ಆಡಿಕೊಳ್ಳುತ್ತಾರೆ. ಗಂಡನಿಗೂ ಹೇಳಿಲ್ಲ. ಏನು ಮಾಡಲಿ?
– ಹೆಸರು ಬೇಡ, ಹಾವೇರಿ ಜಿಲ್ಲೆ

ಉತ್ತರ: ಕಷಾಯ ಕುಡಿಯಿರಿ, ತೊಂದರೆಯಿಲ್ಲ. ಆದರೆ ಅತ್ತೆಯ ಮಾತು ಅರ್ಧ ಮಾತ್ರ ನಿಜ. ಮಗುವಿಗೆ ಆರು ತಿಂಗಳು ತುಂಬಿರಬಾರದು, ಹಗಲೂ ರಾತ್ರಿ ಎದೆಹಾಲು ಬಿಟ್ಟು ಬೇರೇನೂ ಕೊಡುತ್ತಿರಬಾರದು, ಮುಟ್ಟು ಮರಳಿರಬಾರದು. ಈ ಮೂರೂ ಕೂಡಿದ್ದರೆ ಮಾತ್ರ ನೂರಕ್ಕೆ 98ರಷ್ಟು ರಕ್ಷಣೆ. ನಿಮ್ಮ ಮಗುವಿಗೆ ರಾಗಿ ಸರಿ ಶುರುವಾಗಿರಬೇಕು ಅಲ್ವಾ? ಅಲ್ಲಿಗೆ ಅದನ್ನು ನೆಚ್ಚುವ ಹಾಗಿಲ್ಲ. ಅಂಡ ಬಿಡುಗಡೆಯಾದ ಸುಮಾರು ಎರಡು ವಾರಕ್ಕೆ ಮುಟ್ಟು ಬರುವುದು. ಹಾಗಾಗಿ ಹೆರಿಗೆಯ ನಂತರ ಒಮ್ಮೆಯೂ ಮುಟ್ಟಾಗದೆ ಮತ್ತೆ ಬಸಿರಾಗಬಹುದು.

ಮುಟ್ಟು ತಪ್ಪಿತು ಎನ್ನುವ ಗುರುತೇ ನಿಮಗಿಲ್ಲ. ಸುಸ್ತು ನಿದ್ದೆಗೆಟ್ಟದ್ದಕ್ಕೂ ಇರಬಹುದು, ರಕ್ತ ಕಡಿಮೆಯಾಗಿಯೂ ಇರಬಹುದು. ಆದರೆ ಮಗು ಹಾಲು ಕುಡಿಯುವಾಗ ಮೊಲೆತೊಟ್ಟು ಹೊಸದಾಗಿ ನೋಯುತ್ತಿದೆಯೇ? ಹಾಲು ಕಮ್ಮಿಯಾಗಿ ಮಗು ರಚ್ಚೆ ಹಿಡಿಯುತ್ತಿದೆಯೇ? ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸುತ್ತಿದೆಯೇ? ಹೌದಾದರೆ ಅನುಮಾನ ಜಾಸ್ತಿಯಾಗುತ್ತದೆ, ಅಷ್ಟೇ. ಉತ್ತರ ಹೇಳುವುದು ಪರೀಕ್ಷೆ.

ಆಶಾ ಕಾರ್ಯಕರ್ತೆಯರ ಬಳಿ ‘ನಿಶ್ಚಯ್’ ಕಿಟ್ ಇರುತ್ತದೆ, ದುಡ್ಡಿಲ್ಲ. ಅವರು ನಿಮ್ಮ ಓಣಿಯವರೇ ಆಗಿದ್ದು ಸಂಕೋಚವೆನಿಸಿದರೆ ಮೆಡಿಕಲ್ ಶಾಪಿನಲ್ಲೂ ಸಿಗುತ್ತದೆ. ಬೆಳಗಿನ ಮೊದಲ ಮೂತ್ರದಲ್ಲಿ ನೋಡಿ. ಎರಡನೇ ಗೆರೆ ಮಸುಕಾಗಿದ್ದರೂ ಬಸಿರೆಂದೇ ತಿಳಿಯಿರಿ. ಆದರೆ ಸಂಜೆ ಅದನ್ನೇ ಕಸದ ಬುಟ್ಟಿಯಿಂದ ತೆಗೆದು ಮತ್ತೆ ನೋಡಬೇಡಿ, ಒಣಗಿದ ಮೇಲೆ ಮೂಡಿದ ಗೆರೆ ಲೆಕ್ಕಕ್ಕಿಲ್ಲ. ಹಾಲುಣಿಸುವುದರಿಂದ ಫಲಿತಾಂಶ ಬದಲಾಗುವುದಿಲ್ಲ. ಒಂದೇ ಗೆರೆ ಬಂದರೆ ವಾರ ಬಿಟ್ಟು ಇನ್ನೊಮ್ಮೆ ನೋಡಿ.

ಬಸಿರಾಗಿದ್ದರೆ ತಡಮಾಡದೆ ವೈದ್ಯರ ಬಳಿ ಹೋಗಿ. ಎಷ್ಟು ವಾರ, ಗರ್ಭ ಎಲ್ಲಿ ಕೂತಿದೆ ಎಂಬುದು ಸ್ಕ್ಯಾನಿನಲ್ಲೇ ತಿಳಿಯಬೇಕು. ಸಿಸೇರಿಯನ್ ಹೊಲಿಗೆ ಇನ್ನೂ ಹೊಸದು, ಅದನ್ನು ಮರೆಯದೆ ಹೇಳಿ. ಅಷ್ಟರೊಳಗೆ ಹೊಟ್ಟೆಯ ಒಂದೇ ಕಡೆ ಜೋರು ನೋವು, ರಕ್ತಸ್ರಾವ, ತಲೆಸುತ್ತು ಬಂದರೆ ಆ ಕ್ಷಣವೇ ಆಸ್ಪತ್ರೆಗೆ ಹೊರಡಿ. ಮುಂದುವರಿಸುವುದು ಬೇಡವೆನಿಸಿದರೆ ಅದಕ್ಕೂ ಕಾನೂನಿದೆ. 1971ರ ಗರ್ಭಪಾತ ಕಾಯ್ದೆ, 2021ರಲ್ಲಿ ತಿದ್ದುಪಡಿಯಾಗಿದೆ. ವೈದ್ಯರ ಅಭಿಪ್ರಾಯದ ಜೊತೆ ನಿಮ್ಮ ಒಪ್ಪಿಗೆ ಸಾಕು, ಗಂಡನ ಸಹಿ ಬೇಕೆಂದು ಕಾನೂನು ಕೇಳುವುದಿಲ್ಲ. ಅಂಗಡಿಯಿಂದ ಮಾತ್ರೆ ತರಿಸಿ ಗುಟ್ಟಾಗಿ ನುಂಗುವುದು ಮಾತ್ರ ಖಂಡಿತ ಬೇಡ.

ಇನ್ನು ಜನರ ಮಾತು. ನಗುವವರು ನಿಮ್ಮನ್ನೇ ನೋಡಿ ನಗುತ್ತಾರೆ, ನಿಮ್ಮ ಗಂಡನನ್ನು ಯಾರೂ ಕೇಳುವುದಿಲ್ಲ. ನನಗೆ ಸಿಟ್ಟು ಬರುವುದು ಅಲ್ಲೇ. ಇವತ್ತು ರಾತ್ರಿಯೇ ಅವರಿಗೆ ಹೇಳಿ. ಕಿಟ್ ತರುವ ಕೆಲಸವನ್ನೂ ಅವರಿಗೇ ಹಚ್ಚಿ.