ಅಪ್ಪನ ಮೊಬೈಲ್ ಕಸಿದುಕೊಳ್ಳಬೇಕೇ?

ಪ್ರಶ್ನೆ: ಅಪ್ಪ ನಿವೃತ್ತ ಮುಖ್ಯೋಪಾಧ್ಯಾಯರು. 72 ವರ್ಷ. ಅಮ್ಮನೊಂದಿಗೆ ಕಟಪಾಡಿಯಲ್ಲಿದ್ದಾರೆ, ನಾನು ಕೆಲಸದ ನಿಮಿತ್ತ ಮಂಗಳೂರಿನಲ್ಲಿದ್ದೇನೆ. ದಿನವಿಡೀ ಯೂಟ್ಯೂಬ್‌ನಲ್ಲಿ ಆರೋಗ್ಯದ ವಿಡಿಯೊ ನೋಡುತ್ತಾರೆ. ಕೊಲೆಸ್ಟರಾಲ್ ಇಳಿಯುತ್ತದೆಂದು ಹಿತ್ತಿಲಿನ ಬಿಂಬುಳಿ ಎಂಬ ಹುಳಿಕಾಯಿಯ ರಸವನ್ನು ಬೆಳಿಗ್ಗೆ ಬರಿಹೊಟ್ಟೆಗೆ ಕುಡಿಯುತ್ತಿದ್ದಾರೆ. ರಕ್ತದೊತ್ತಡದ ಮಾತ್ರೆ ಬಿಟ್ಟಿದ್ದಾರೆ. ಕೇಳಿದರೆ "ನನಗೆ ಓದಲು ಬರುವುದಿಲ್ಲವೇ?" ಎಂದು ರೇಗುತ್ತಾರೆ. ಮೊಬೈಲ್ ಕಸಿದುಕೊಳ್ಳುವುದೊಂದೇ ದಾರಿಯೇ?
– ಹೆಸರು ಬೇಡ

ಉತ್ತರ: ತಂಗೀ, ಮೊಬೈಲಿನ ಮಾತು ಆಮೇಲೆ. ಬಿಂಬುಳಿ ರಸವನ್ನು ಇಂದೇ ನಿಲ್ಲಿಸಿ. ನಾಳೆಯೇ ಅಪ್ಪನ ಮೂತ್ರ ಪರೀಕ್ಷೆ ಮತ್ತು ಮೂತ್ರಪಿಂಡ ಹೇಗೆ ಕೆಲಸ ಮಾಡುತ್ತಿದೆ ಎಂದು ತಿಳಿಸುವ ರಕ್ತದ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ. ಮೂತ್ರ ಕಡಿಮೆಯಾಗಿದ್ದರೆ, ವಾಂತಿ ಅಥವಾ ಕಾಲು ಬಾವು ಇದ್ದರೆ ನಾಳೆಯವರೆಗೂ ಕಾಯಬೇಡಿ. ಬಿಟ್ಟ ಮಾತ್ರೆಯನ್ನು ನೀವಾಗಿಯೇ ಶುರು ಮಾಡಿಸದೆ, ಫಲಿತಾಂಶವನ್ನು ವೈದ್ಯರಿಗೆ ತೋರಿಸಿ ಕೇಳಿ. ಕೆಲವು ರಕ್ತದೊತ್ತಡದ ಮಾತ್ರೆಗಳನ್ನು ಮೂತ್ರಪಿಂಡದ ಸ್ಥಿತಿ ನೋಡಿಯೇ ಕೊಡಬೇಕಾಗುತ್ತದೆ.

ಬಂಗುಡೆ ಸಾರಿಗೆ ನಾಲ್ಕು ಬಿಂಬುಳಿ ಹಾಕುವುದು ಬೇರೆ, ಹಿಂಡಿ ಲೋಟಗಟ್ಟಲೆ ಕುಡಿಯುವುದು ಬೇರೆ. ಆ ಹುಳಿಯಲ್ಲಿ ಆಕ್ಸಲಿಕ್ ಆಮ್ಲ ವಿಪರೀತವಿದೆ. ಊಟದ ಜೊತೆಗಾದರೆ ಆಹಾರದ ಕ್ಯಾಲ್ಸಿಯಂ ಅದರಲ್ಲಿ ಒಂದಷ್ಟನ್ನು ಕರುಳಿನಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಬರಿಹೊಟ್ಟೆಯಲ್ಲಿ ಹೆಚ್ಚಿನ ಪಾಲು ರಕ್ತಕ್ಕೆ ಸೇರಿ, ಹರಳುಗಟ್ಟಿ ಮೂತ್ರಪಿಂಡದ ಸೂಕ್ಷ್ಮ ನಾಳಗಳಲ್ಲಿ ಕೂರುತ್ತದೆ. ಕೇರಳದಲ್ಲಿ ಹೀಗೆ ರಸ ಕುಡಿದು ಮೂತ್ರಪಿಂಡ ಹಠಾತ್ತನೆ ಕೈಕೊಟ್ಟ 10 ಮಂದಿಯ ವರದಿ 2013ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದಿದೆ. ಅವರಲ್ಲಿ 7 ಮಂದಿಗೆ ಡಯಾಲಿಸಿಸ್ ಬೇಕಾಯಿತು. ಅವರೂ ಕೊಲೆಸ್ಟರಾಲ್ ಇಳಿಸಲೆಂದೇ ಕುಡಿದವರು. ಈ ಸಂಗತಿಯನ್ನು ಅಪ್ಪನ ಮುಂದೆ ಇಡಿ. ಮೇಷ್ಟರಾಗಿದ್ದವರು ಕಾರಣ ಹೇಳಿದರೆ ಕೇಳುತ್ತಾರೆ, ಗದರಿದರೆ ಕೇಳುವುದಿಲ್ಲ.

ಅವರ ಸಿಟ್ಟಿನಲ್ಲಿ ನ್ಯಾಯವೂ ಇದೆ. ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವ ಮನುಷ್ಯನಿಗೆ ಮಾತ್ರೆಯ ಹಾಳೆಯ ಹಿಂಬದಿಯ ಇಂಗ್ಲಿಷ್ ಅಕ್ಷರ ಕಣ್ಣಿಗೇ ಹತ್ತುವುದಿಲ್ಲ. ಸರಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ದುಡಿದವಳು ನಾನು. ಹೊರಗೆ ಸಾಲು ಬೆಳೆದಿರುವಾಗ ಒಬ್ಬೊಬ್ಬರಿಗೆ ಸಿಗುವುದು ಎರಡೋ ಮೂರೋ ನಿಮಿಷ. ವಿಡಿಯೊದವನು ಇಪ್ಪತ್ತು ನಿಮಿಷ, ಅದೂ ಕನ್ನಡದಲ್ಲಿ, ಆತ್ಮೀಯವಾಗಿ ಮಾತನಾಡುತ್ತಾನೆ. ಹಿರಿಯರು ಅತ್ತ ವಾಲುವುದರಲ್ಲಿ ಆಶ್ಚರ್ಯವೇನು? ಎಷ್ಟು ನೋಡಿದರೂ ಅವರ ಪ್ರಶ್ನೆಗೆ ಆತ ಉತ್ತರಿಸಲಾರ, ಅವರ ಕ್ರಿಯಾಟಿನಿನ್ ಎಷ್ಟೆಂಬುದೂ ಆತನಿಗೆ ಗೊತ್ತಿಲ್ಲ. ಅಪಾಯವಿರುವುದು ಅಲ್ಲಿ.

ಆದ್ದರಿಂದ ಮೊಬೈಲ್ ಕಸಿಯಬೇಡಿ. ಕಸಿದರೆ ಟಿ.ವಿ. ಇದೆ, ಅಲ್ಲಿ ಮಧ್ಯಾಹ್ನದ ಪ್ರಾಯೋಜಿತ ಕಾರ್ಯಕ್ರಮಗಳಿವೆ. ಊರಿಗೆ ಹೋದಾಗ ಪಕ್ಕದಲ್ಲಿ ಕೂತು ಜೊತೆಗೇ ನೋಡಿ. ಇವರು ಯಾವ ವೈದ್ಯರು, ಕೊನೆಯಲ್ಲಿ ಏನನ್ನಾದರೂ ಮಾರುತ್ತಾರೆಯೇ, ಮಾತ್ರೆ ಬಿಡಿ ಎನ್ನುತ್ತಾರೆಯೇ ಎಂದು ಅಪ್ಪನನ್ನೇ ಕೇಳಿ. ಮಧುಮೇಹ, ರಕ್ತದೊತ್ತಡ ಗುಣಪಡಿಸುತ್ತೇವೆಂದು ಔಷಧದ ಜಾಹೀರಾತು ಕೊಡುವುದನ್ನು 1954ರ ಕಾಯ್ದೆಯೇ ನಿಷೇಧಿಸಿದೆ. ಕಾನೂನಿನ ಮಾತಾದರೆ ಅವರಿಗೆ ಬೇಗ ನಾಟೀತು.

ಮನೆಯಲ್ಲಿ ಒಂದು ನೋಟ್‌ಪುಸ್ತಕ ಇಡಿ. ಯಾವ ಮಾತ್ರೆ, ಯಾವುದಕ್ಕೆ, ಯಾವಾಗ ಎಂದು ದೊಡ್ಡ ಕನ್ನಡ ಅಕ್ಷರದಲ್ಲಿ ಅಪ್ಪನೇ ಬರೆಯಲಿ. ವಿಡಿಯೊ ನೋಡಿ ಹುಟ್ಟಿದ ಅನುಮಾನಗಳನ್ನೂ ಅದರಲ್ಲೇ ಬರೆದಿಟ್ಟು ವೈದ್ಯರ ಬಳಿಗೆ ಒಯ್ಯಲಿ. ಆ ದಿನ ನೀವು ರಜೆ ಹಾಕಿ ಜೊತೆಗೆ ಹೋಗಿ, ಆದರೆ ಪ್ರಶ್ನೆ ಕೇಳುವುದನ್ನು ಅವರಿಗೇ ಬಿಡಿ.