ತುಮಕೂರಿನಲ್ಲಿ ಬ್ರೀಡರ್ ಹತ್ತಿರ ಲ್ಯಾಬ್ರಡಾರ್ ಮರಿ ತಗೊಳ್ಳುವ ಮೊದಲು ಏನೇನು ನೋಡಬೇಕು?

ಮೊದಲು ಮರಿಯನ್ನಲ್ಲ, ಅದರ ತಾಯಿಯನ್ನು ನೋಡಿ. ಸಾಕಿರುವ ಜಾಗಕ್ಕೇ ಹೋಗಿ. "ನೀವ್ಯಾಕೆ ಬರ್ತೀರಾ ಸಾರ್, ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಹೋಟೆಲ್ ಹತ್ರ ತಂದುಕೊಡ್ತೀನಿ" ಅಂದರೆ ಇಡ್ಲಿ ತಿಂದು ವಾಪಸ್ ಬನ್ನಿ, ಮರಿ ಬೇಡ. ತಾಯಿ ಬಡಕಲಾಗಿದ್ದರೆ ಅಥವಾ ಜನರನ್ನು ಕಂಡು ಮೂಲೆ ಸೇರಿದರೆ, ಮರಿ ಎಷ್ಟೇ ಮುದ್ದಾಗಿದ್ದರೂ ಬಿಟ್ಟುಬಿಡಿ. ಕಷ್ಟ, ಗೊತ್ತು.

8 ವಾರ ತುಂಬದ ಮರಿಯನ್ನು ಮಾರುವ ಹಾಗಿಲ್ಲ. 2017ರ ಕೇಂದ್ರ ನಿಯಮವೇ ಇದೆ. ಬ್ರೀಡರ್ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು ಅಂತಲೂ ಅದರಲ್ಲಿದೆ. ಆ ಕಾಗದ ಕೇಳಲು ಸಂಕೋಚ ಬೇಡ.

ಕೆನಲ್ ಕ್ಲಬ್ ಆಫ್ ಇಂಡಿಯಾದ ಸರ್ಟಿಫಿಕೇಟ್ ಇದ್ದರೆ ಒಳ್ಳೆಯದು. ಆದರೆ ಅದು ಹೇಳುವುದು ವಂಶದ ವಿಷಯ ಮಾತ್ರ, ಆರೋಗ್ಯದ್ದಲ್ಲ. ಜನ ಎಡವುವುದು ಇಲ್ಲೇ. ಲ್ಯಾಬ್ರಡಾರ್‌ಗಳಲ್ಲಿ ಸೊಂಟದ ಕೀಲಿನ ತೊಂದರೆ ಜಾಸ್ತಿ, ವಂಶದಲ್ಲೇ ಬರುತ್ತದೆ. ತಂದೆ ತಾಯಿಯ ಸೊಂಟದ ಎಕ್ಸ್‌ರೇ ಮಾಡಿಸಿದ್ದೀರಾ ಅಂತ ಕೇಳಿ. ತಬ್ಬಿಬ್ಬಾದರೆ ಉತ್ತರ ಸಿಕ್ಕಿತು ಅಲ್ವಾ?

ಪಾರ್ವೊ ಅನ್ನುವ ವೈರಸ್ ಕಾಯಿಲೆ ಮರಿಗಳನ್ನು ಕೆಲವೇ ದಿನಗಳಲ್ಲಿ ಕೊಲ್ಲುತ್ತದೆ. ಮೊದಲ ಲಸಿಕೆ ಸಾಮಾನ್ಯವಾಗಿ 6ರಿಂದ 8 ವಾರದೊಳಗೆ ಆಗಿರಬೇಕು. "ಹಾಕ್ಸಿದೀವಿ" ಅನ್ನುವ ಮಾತು ಸಾಲದು. ಲಸಿಕೆ ಪುಸ್ತಕದಲ್ಲಿ ಬಾಟಲಿಯ ಸ್ಟಿಕ್ಕರ್, ತಾರೀಖು, ಡಾಕ್ಟರ ಸಹಿ ಇರಬೇಕು. ಮನೆಗೆ ತಂದ ಮಾರನೇ ದಿನವೇ ನಿಮ್ಮ ಪಶುವೈದ್ಯರಿಗೆ ತೋರಿಸಿ.