ಅಡಿಕೆ ಅಂಗಳದ ಕ್ಯಾಮೆರಾದ ಮ್ಯಾಕ್ ವಿಳಾಸ ಕಂಡುಹಿಡಿಯುವುದು ಹೇಗೆ?

ಶಿರಸಿ ಕಡೆ ಕರೆಂಟು ಹೋಗಿ ಬಂದಾಗಲೆಲ್ಲ ಅಂಗಳದ ವೈಫೈ ಕ್ಯಾಮೆರಾದ ಐಪಿ (ನೆಟ್‌ವರ್ಕಿನಲ್ಲಿ ಅದಕ್ಕೆ ಸಿಗುವ ಅಂಕಿಗಳ ವಿಳಾಸ) ಬದಲಾಗುತ್ತದೆ, ರೂಟರಿನಲ್ಲಿ ಅದನ್ನು ಕಾಯಂ ಮಾಡಲು ಮ್ಯಾಕ್ ವಿಳಾಸ (ಸಾಧನದ ನೆಟ್‌ವರ್ಕ್ ಗುರುತಿನ ಸಂಖ್ಯೆ) ಬೇಕು, ಸ್ಟಿಕರ್ ಮಳೆಗೆ ಅಳಿಸಿದೆ ಎಂದಿದ್ದೀರಿ. ಏಣಿ ಹತ್ತುವುದು ಬೇಡ, ಮನೆಯ ಲ್ಯಾಪ್‌ಟಾಪಿನಲ್ಲೇ ಸಿಗುತ್ತದೆ.

ಕ್ಯಾಮೆರಾದ ಈಗಿನ ಐಪಿ ಅದರ ಆ್ಯಪ್‌ನಲ್ಲಿರುತ್ತದೆ, 192.168.1.34 ಅಂತಿಟ್ಟುಕೊಳ್ಳಿ. ಲ್ಯಾಪ್‌ಟಾಪ್ ಅದೇ ನೆಟ್‌ವರ್ಕಿನಲ್ಲಿರಲಿ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್ ತೆರೆದು ಮೊದಲು ಆ ಐಪಿಗೆ ಪಿಂಗ್ ಮಾಡಿ (ping 192.168.1.34, ಅಂದರೆ ‘ಇದ್ದೀಯಾ’ ಎಂದು ಕೇಳುವುದು), ಬೆನ್ನಿಗೇ ‘ಎಆರ್‌ಪಿ -ಎ’ (arp -a) ಕೊಡಿ, ಐಪಿ-ಮ್ಯಾಕ್ ಪಟ್ಟಿ ಬರುತ್ತದೆ. ಪಿಂಗ್ ಮಾಡದಿದ್ದರೆ ಕ್ಯಾಮೆರಾ ಪಟ್ಟಿಯಲ್ಲೇ ಇರಲಿಕ್ಕಿಲ್ಲ. ಲ್ಯಾಪ್‌ಟಾಪ್ ಈಚೆಗೆ ಮಾತಾಡಿದ ಸಾಧನಗಳಷ್ಟೇ ಅಲ್ಲಿರುತ್ತವೆ. 34ರ ಎದುರು ಎರಡೆರಡರಂತೆ ಆರು ಜೋಡಿ, ಒಟ್ಟು 12 ಅಂಕಿ-ಅಕ್ಷರ ಕಾಣುತ್ತದಲ್ಲ, ಅದೇ ಮ್ಯಾಕ್. ಲಿನಕ್ಸ್‌ನಲ್ಲಿ ‘ಐಪಿ ನೇಬರ್’ (ip neighbor) ಕೊಟ್ಟರಾಯಿತು.

ಪಿಂಗ್‌ಗೆ ‘ರಿಕ್ವೆಸ್ಟ್ ಟೈಮ್ಡ್ ಔಟ್’ ಬಂತೆಂದು ಕೈಬಿಡಬೇಡಿ. ಕೆಲವು ಕ್ಯಾಮೆರಾಗಳು ಪಿಂಗ್‌ಗೆ ಉತ್ತರಿಸದಿದ್ದರೂ ಎಆರ್‌ಪಿಗೆ (ಈ ಐಪಿಯ ಮ್ಯಾಕ್ ಯಾವುದೆಂಬ ಕೇಳಿಕೆಗೆ) ಉತ್ತರಿಸುತ್ತವೆ, ಪಟ್ಟಿ ನೋಡಿ. ‘ಡೆಸ್ಟಿನೇಶನ್ ಹೋಸ್ಟ್ ಅನ್‌ರೀಚಬಲ್’ ಬಂದರೆ ಮಾತ್ರ ಆ ಐಪಿಯಲ್ಲಿ ಯಾರೂ ಸಿಗಲಿಲ್ಲ ಎಂದರ್ಥ. ಮೊಬೈಲ್ ಸ್ಕ್ಯಾನರ್ ಆ್ಯಪ್ ನೆಚ್ಚಬೇಡಿ: ಆಂಡ್ರಾಯ್ಡ್ 10ರಿಂದ ಆ್ಯಪ್‌ಗಳಿಗೆ ಈ ಪಟ್ಟಿ ಓದಲು ಬಿಡುವುದಿಲ್ಲ.

ಮನೆಗೂ ಅಂಗಳಕ್ಕೂ ನಡುವೆ ರಿಪೀಟರ್ (ವೈಫೈ ಸಿಗ್ನಲ್ ಮುಂದಕ್ಕೆ ದಾಟಿಸುವ ಸಾಧನ) ಇದ್ದರೆ ಜೋಪಾನ. ಹಲವು ರಿಪೀಟರುಗಳು ಹಿಂದಿರುವ ಸಾಧನದ ಮ್ಯಾಕ್ ಮರೆಮಾಡಿ ತಮ್ಮದನ್ನೇ ಮುಂದಿಡುತ್ತವೆ. ಎರಡು ಮೂರು ಐಪಿಗಳ ಎದುರು ಒಂದೇ ಮ್ಯಾಕ್ ಕಂಡರೆ ಬಹುಶಃ ಇದೇ ಆಗಿರುವುದು. ಲ್ಯಾಪ್‌ಟಾಪನ್ನು ರಿಪೀಟರಿನ ವೈಫೈಗೇ ಸೇರಿಸಿ ನೋಡಿದರೆ ಸಾಮಾನ್ಯವಾಗಿ ನಿಜವಾದ ಮ್ಯಾಕ್ ಸಿಗುತ್ತದೆ.

ಆದರೆ ಐಪಿ ಕಾಯಂ ಮಾಡಲು ಅದನ್ನು ಕಣ್ಣುಮುಚ್ಚಿ ತುಂಬಬೇಡಿ. ರೂಟರಿನ ಡಿಎಚ್‌ಸಿಪಿ (ಐಪಿ ಹಂಚಿಕೆ) ಪಟ್ಟಿಯಲ್ಲಿ 34ರ ಎದುರು ಯಾವ ಮ್ಯಾಕ್ ಇದೆಯೋ ಅದನ್ನೇ ಹಾಕಿ. ರೂಟರ್ ಐಪಿ ಹಂಚುವುದು ತನಗೆ ಕಂಡ ಮ್ಯಾಕ್ ನೋಡಿ. ಎರಡೂ ಬೇರೆ ಬೇರೆ ಬಂದರೆ ಡಿಎಚ್‌ಸಿಪಿ ಪಟ್ಟಿಯದೇ ಸರಿ. ಕೇಬಲ್ ಕಿಂಡಿಯೂ ಇರುವ ಕ್ಯಾಮೆರಾ ಆದರೆ ಅದಕ್ಕೊಂದು, ವೈಫೈಗೊಂದು ಮ್ಯಾಕ್ ಇರುತ್ತದೆ. ಕೇಬಲ್ಲಿನಲ್ಲಿ ಬರೆದುಕೊಂಡದ್ದು ವೈಫೈಗೆ ಬರುವುದಿಲ್ಲ.

ಸೇವ್ ಮಾಡಿದ ಮೇಲೆ ಕ್ಯಾಮೆರಾದ ಪ್ಲಗ್ ತೆಗೆದು ಹಾಕಿ, ಅದೇ ಐಪಿಗೆ ಮತ್ತೆ ಪಿಂಗ್ ಮಾಡಿ ನೋಡಿ.